ಏಳನೇ ಹಾಸಿಗೆಯ ಪರವಾನಗಿ

ಪರವಾನಗಿ ಇಲ್ಲದೆ ಶುಶ್ರೂಷೆ ಮಾಡುವುದು ಅಪರಾಧ. ನಮ್ಮ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಈ ಅಪರಾಧ ಹತ್ತೊಂಬತ್ತು ವರ್ಷಗಳಿಂದ, ಭಾನುವಾರವೂ ಬಿಡದೆ, ನಡೆಯುತ್ತಿತ್ತೆಂಬ ಸಂಗತಿ ದಾದಿಯರ ಪರವಾನಗಿ ಮಂಡಳಿಯ ಸುತ್ತೋಲೆ ಬಂದ ಮೇಲೆಯೇ ನಮಗೆಲ್ಲ ತಿಳಿಯಿತು. ಅಪರಾಧಿಯನ್ನು ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿದ್ದರು.

ದೊಡ್ಡ ಸಿಸ್ಟರ್ ಹತ್ತಿರ ಪರವಾನಗಿ ಇರಲಿಲ್ಲವೆಂದಲ್ಲ. ಇತ್ತು. ಆದರೆ ಅದು ಹಳೆಯ ಪರೀಕ್ಷೆಯ ಪರವಾನಗಿ. ಹಳೆಯ ಪರೀಕ್ಷೆಯನ್ನು ಮಂಡಳಿ ಈಗ ರದ್ದುಮಾಡಿತ್ತು, ಅದೂ ಹಿಂದಿನ ದಿನಾಂಕದಿಂದ ಜಾರಿಗೆ ಬರುವಂತೆ. ಸುತ್ತೋಲೆಯ ಮೂರನೇ ಕಂಡಿಕೆ ಹೀಗಿತ್ತು: "ಹೊಸ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಈವರೆಗೆ ಮಾಡಿದ ಶುಶ್ರೂಷೆಯನ್ನು ಮಾಡದಿದ್ದಂತೆ ಪರಿಗಣಿಸಲಾಗುವುದು. ಆದಾಗ್ಯೂ, ಅದರಿಂದ ಗುಣವಾದವರು ಗುಣವಾಗಿಯೇ ಇರತಕ್ಕದ್ದು."

ನಾನು ಆಸ್ಪತ್ರೆಯ ದಾಖಲೆ ವಿಭಾಗದ ಗುಮಾಸ್ತ. ಸುತ್ತೋಲೆಯನ್ನು ಸಿಸ್ಟರಿಗೆ ಕೊಟ್ಟು ಸಹಿ ಪಡೆದವನು ನಾನೇ. ಆಗ ಅವರು ಒಂದು ಕೈಯಲ್ಲಿ ಬೆಡ್‌ಪ್ಯಾನ್ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಸಹಿ ಹಾಕಿದರು.

"ಪರೀಕ್ಷೆ ಯಾವತ್ತು?" ಅಂದರು.

"ಮುಂದಿನ ತಿಂಗಳು ಹತ್ತಕ್ಕೆ."

"ಅವತ್ತು ಡ್ಯೂಟಿ ಇದೆಯಲ್ಲ."

"ಪಾಸಾಗದಿದ್ರೆ ಹನ್ನೊಂದಕ್ಕೆ ಇರಲ್ಲ ಸಿಸ್ಟರ್," ಅಂದೆ. ಅವರು ಬೆಡ್‌ಪ್ಯಾನನ್ನು ನನ್ನ ಕೈಗೆ ಕೊಟ್ಟು, ಸುತ್ತೋಲೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು.

ಪರೀಕ್ಷೆಗೆ ಓದಲು ಒಂದೇ ಪುಸ್ತಕ. ಮಂಡಳಿಯ ಕಾರ್ಯದರ್ಶಿಗಳ ಭಾವಮೈದುನ ಬರೆದ ಮಾರ್ಗದರ್ಶಿ. ಪ್ರತಿ ಅಭ್ಯರ್ಥಿಯೂ ಮೂರು ಪ್ರತಿ ಕೊಳ್ಳುವುದು ಕಡ್ಡಾಯವಾಗಿತ್ತು: ಒಂದು ಓದಲು, ಒಂದು ಪರೀಕ್ಷೆಯ ದಿನ ಬಾಗಿಲಲ್ಲಿ ಒಪ್ಪಿಸಲು, ಮತ್ತೊಂದು ಮುಟ್ಟದೆ ಇಡಲು. ಮುಟ್ಟದೆ ಇಡಬೇಕಾದದ್ದನ್ನು ಸಿಸ್ಟರ್ ಏಳನೇ ಹಾಸಿಗೆಯ ಕಂಡಕ್ಟರರ ಕಾಲಿನ ಕೆಳಗೆ ಇಟ್ಟರು. ದಪ್ಪ ಸರಿಯಾಗಿತ್ತು.

ಈ ಕಂಡಕ್ಟರ್ ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಂತವರು. ನಿವೃತ್ತರಾದ ನಾಲ್ಕನೇ ದಿನ, ಮನೆಯಲ್ಲಿ ಅಲುಗಾಡದೆ ನಿಂತಿದ್ದ ಸ್ಟೂಲಿನ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಮೊಣಕಾಲಿನವರೆಗೂ ಪ್ಲಾಸ್ಟರ್. ಮಲಗಿ ಮಲಗಿ ಬೇಸತ್ತು, ವಾರ್ಡಿಗೆ ಬಂದವರನ್ನೆಲ್ಲ "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಗದರಿಸುತ್ತ ಕಾಲ ಕಳೆಯುತ್ತಿದ್ದರು. ಸಿಸ್ಟರ್ ಪುಸ್ತಕ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಓಡುವುದನ್ನು ನೋಡಿ, "ಇಲ್ಲಿ ಕೊಡಿ ಸಿಸ್ಟರ್, ನಾನು ಕೇಳ್ತೀನಿ, ನೀವು ಕೆಲಸ ಮಾಡ್ತಾ ಹೇಳಿ" ಅಂದರು.

ಅಂದಿನಿಂದ ಡ್ರೆಸ್ಸಿಂಗ್ ಬದಲಿಸುವ ಹೊತ್ತಿಗೆ ವಾರ್ಡಿನಲ್ಲಿ ಪಾಠ ಶುರುವಾಯಿತು.

"ಪ್ರಶ್ನೆ ನಲವತ್ತು. ರೋಗಿಗೆ ತಲೆ ಸುತ್ತುತ್ತಿದೆ. ದಾದಿಯು ಮೊದಲು ಏನು ಮಾಡತಕ್ಕದ್ದು? ಎ, ಹಿಡಿದುಕೊಳ್ಳುವುದು. ಬಿ, ಕೂರಿಸುವುದು. ಸಿ, ರಕ್ತದೊತ್ತಡ ನೋಡುವುದು. ಡಿ, ಪರಿಸ್ಥಿತಿಯನ್ನು ಸಮಗ್ರವಾಗಿ ಅವಲೋಕಿಸಿ ಸೂಕ್ತ ನಮೂನೆಯಲ್ಲಿ ದಾಖಲಿಸುವುದು."

"ಹಿಡ್ಕೊಂಡೇ ಕೂರಿಸ್ತೀನಿ, ಕೂರಿಸ್ತಾನೇ ಬಿಪಿ ನೋಡ್ತೀನಿ. ಇದನ್ನೇನು ಬಿಡಿಸಿ ಬಿಡಿಸಿ ಕೇಳ್ತಾನೆ?"

"ಸಿಸ್ಟರ್, ಒಬ್ಬರಿಗೆ ಒಂದೇ ಟಿಕೆಟ್. ಒಂದು ಹೇಳಿ."

"ಎ."

"ತಪ್ಪು. ಡಿ."

"ಅಷ್ಟರಲ್ಲಿ ಅವನು ಬಿದ್ದು ಹೋಗಿರ್ತಾನಲ್ಲ ಕಂಡಕ್ಟ್ರೇ!"

"ಬಿದ್ದ ಮೇಲೆ ಏನು ಮಾಡ್ಬೇಕು ಅನ್ನೋದು ಪ್ರಶ್ನೆ ನಲವತ್ತೊಂದು. ಅದಕ್ಕೇ ಬೀಳೋಕೆ ಬಿಡಬೇಕು."

ಮೂರೇ ದಿನದಲ್ಲಿ ಕಂಡಕ್ಟರ್ ಪುಸ್ತಕದ ಮರ್ಮ ಹಿಡಿದುಬಿಟ್ಟರು. "ಬಸ್ಸಲ್ಲಿ ಉದ್ದುದ್ದ ಮಾತಾಡೋನ ಹತ್ರ ಟಿಕೆಟ್ ಇರ್ತಿರ್ಲಿಲ್ಲ. ಇಲ್ಲಿ ಉಲ್ಟಾ. ಯಾವ ಉತ್ತರ ಉದ್ದ ಇದೆಯೋ ಅದೇ ಸರಿ." ಸಿಸ್ಟರಿಗೂ ಇದನ್ನೇ ಹೇಳಿಕೊಟ್ಟರು. ಸಿಸ್ಟರ್ ತಲೆಯಾಡಿಸುತ್ತಿದ್ದರು, ಆದರೆ ಬಾಯಿ ತೆರೆದರೆ ರೋಗಿ ಬದುಕುವ ಉತ್ತರವೇ ಬರುತ್ತಿತ್ತು. ಹತ್ತೊಂಬತ್ತು ವರ್ಷದ ಚಟ, ಒಂದು ತಿಂಗಳಲ್ಲಿ ಬಿಡುವಂಥದ್ದಲ್ಲ.

ಅವರ ಯಜಮಾನರು ದರ್ಜಿ. ಮಧ್ಯಾಹ್ನ ಊಟದ ಡಬ್ಬಿ ತಂದಾಗ ಹೆಂಡತಿಯ ಮುಖ ನೋಡಿ, "ಆಗದಿದ್ರೆ ಬಿಡು. ಅಂಗಡೀಲಿ ಕೂತು ಕಾಜಾ ಹೊಲಿ" ಅಂದರು.

"ರೀ, ನಾಲ್ಕನೇ ಬೆಡ್ಡಿನವರ ಹೊಲಿಗೆ ಪರೀಕ್ಷೆ ಆದ ಎರಡನೇ ಸೋಮವಾರ ಬಿಚ್ಚಬೇಕು. ಅದನ್ನ ಯಾರು ಬಿಚ್ತಾರೆ?" ಅಂದ ಸಿಸ್ಟರಿಗೆ ಒಮ್ಮೆಗೇ ಅಳು ಬಂತು. ದರ್ಜಿ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಎರಡನೇ ಸುತ್ತೋಲೆ ಬಂತು. ಶುಶ್ರೂಷಾ ಪರೀಕ್ಷೆಗಳು ರೋಗಿಕೇಂದ್ರಿತವಾಗಿರಬೇಕೆಂದು ತಜ್ಞರ ಸಮಿತಿ ಹೇಳಿತ್ತಂತೆ. ಮಂಡಳಿ ಅದನ್ನು ತಕ್ಷಣ ಜಾರಿಗೆ ತಂದಿತು: ಪ್ರತಿ ಅಭ್ಯರ್ಥಿಯೂ ಒಬ್ಬ ರೋಗಿಯನ್ನು ಪರೀಕ್ಷಾ ಕೇಂದ್ರಕ್ಕೆ ಕರೆತರತಕ್ಕದ್ದು.

"ನನ್ನ ಕರ್ಕೊಂಡು ಹೋಗಿ," ಅಂದರು ಕಂಡಕ್ಟರ್. "ಎಷ್ಟು ದಿನ ಆಯ್ತು ರಸ್ತೆ ನೋಡಿ."

ಹಾಗೆ ಹತ್ತನೇ ತಾರೀಖು ಬೆಳಿಗ್ಗೆ ಒಂದು ಶಾಲೆಯ ದೊಡ್ಡ ಹಾಲಿನಲ್ಲಿ ಅರವತ್ತು ಮಂದಿ ದಾದಿಯರೂ ಅರವತ್ತು ಮಂದಿ ರೋಗಿಗಳೂ ಸೇರಿದರು. ಗಾಲಿಕುರ್ಚಿ, ಊರುಗೋಲು, ಕೊರಳಪಟ್ಟಿ, ಎಲ್ಲವೂ ಬಂದಿದ್ದವು. ಮೇಲ್ವಿಚಾರಕರು ಕುರ್ಚಿಗಳನ್ನು ಎಣಿಸಿ, ಉತ್ತರ ಪತ್ರಿಕೆಗಳನ್ನು ಎಣಿಸಿ, ಎರಡಕ್ಕೂ ತಾಳೆಯಾಗದೆ ಕಂಗಾಲಾದರು. ಬಳಿಕ ಕೈಪಿಡಿ ನೋಡಿ ಘೋಷಿಸಿದರು: "ಹಾಲಿನಲ್ಲಿ ಕೂತವರೆಲ್ಲರೂ ಬರೆಯತಕ್ಕದ್ದು. ಬರೆಯದವರು ನಿಲ್ಲತಕ್ಕದ್ದು."

"ಸ್ವಾಮಿ, ನನಗೆ ಕಾಲು ಮುರಿದಿದೆ, ನಿಲ್ಲೋಕಾಗಲ್ಲ," ಅಂದರು ಕಂಡಕ್ಟರ್.

"ಹಾಗಾದರೆ ಬರೀರಿ. ಹೆಸರು ಎಲ್ಲಿ ಬರೀಬೇಕು ಗೊತ್ತಲ್ಲ?"

ಬೇರೆ ರೋಗಿಗಳಿಗೂ ನಿಲ್ಲುವ ಶಕ್ತಿ ಇರಲಿಲ್ಲ. ಇದ್ದಿದ್ದರೆ ಅವರು ರೋಗಿಗಳಾಗುತ್ತಿರಲಿಲ್ಲ. ಎಲ್ಲರೂ ಬರೆಯತೊಡಗಿದರು.

ಅರ್ಧ ಗಂಟೆ ಕಳೆದಿರಬೇಕು. ಎರಡನೇ ಸಾಲಿನ ಅಜ್ಜಿಯೊಬ್ಬರು ನಡುಗತೊಡಗಿದರು. ದೊಡ್ಡ ಸಿಸ್ಟರ್ ಪೆನ್ನು ಇಟ್ಟು ಎದ್ದರು. ಅಜ್ಜಿಗೆ ಶಾಲು ಹೊದಿಸಿ ತಿರುಗುವಷ್ಟರಲ್ಲಿ ಐದನೇ ಸಾಲಿನವರಿಗೆ ಬಾಯಾರಿಕೆ, ಮೂಲೆಯವರಿಗೆ ತುರ್ತಾಗಿ ಹೊರಗೆ ಹೋಗಬೇಕಿತ್ತು. ಒಬ್ಬೊಬ್ಬರಾಗಿ ಉಳಿದ ದಾದಿಯರೂ ಎದ್ದರು. ಮೇಲ್ವಿಚಾರಕರು ಅಡ್ಡಿಪಡಿಸಲಿಲ್ಲ. ಅವರಿಗೂ ಸ್ವಲ್ಪ ತಲೆನೋವಿತ್ತು, ಅದನ್ನೂ ತೋರಿಸಿಕೊಂಡರು. ಎರಡೂವರೆ ಗಂಟೆ ರೋಗಿಗಳು ಹಾಯಾಗಿ ಕೂತು ಬರೆದರು, ದಾದಿಯರು ಅವರನ್ನು ನೋಡಿಕೊಂಡರು. ಕಂಡಕ್ಟರರ ಕಾಲಿನ ಕೆಳಗೆ ದಿಂಬು ಸರಿಮಾಡುತ್ತಿದ್ದಾಗ ಸಿಸ್ಟರಿಗೆ ಕೊನೆಯ ಗಂಟೆ ಕೇಳಿಸಿತು.

ಫಲಿತಾಂಶ ವಾರದಲ್ಲೇ ಬಂತು. ನಮ್ಮ ಕೇಂದ್ರದಲ್ಲಿ ತೇರ್ಗಡೆಯಾದವರು ನಲವತ್ತೊಂದು ಮಂದಿ, ಅವರಲ್ಲಿ ಮೂವತ್ತೆಂಟು ಮಂದಿ ರೋಗಿಗಳು. ಕಂಡಕ್ಟರಿಗೆ ನೂರಕ್ಕೆ ತೊಂಬತ್ತಾರು, ಪ್ರಥಮ ಸ್ಥಾನ. ದೊಡ್ಡ ಸಿಸ್ಟರಿಗೆ ನಾಲ್ಕು. ಅವರು ಇಪ್ಪತ್ತಮೂರು ಪ್ರಶ್ನೆಗಳನ್ನು ಮುಟ್ಟಿದ್ದರು, ಆದರೆ ಹತ್ತೊಂಬತ್ತಕ್ಕೆ ಎರಡೆರಡು ಉತ್ತರ ಗುರುತಿಸಿದ್ದರು. ಪಕ್ಕದಲ್ಲಿ "ಎರಡೂ ಬೇಕು" ಎಂದು ಷರಾ ಬೇರೆ ಬರೆದಿದ್ದರು.

ಕಂಡಕ್ಟರ್ ಎರಡು ಹೊತ್ತು ಊಟ ಮುಟ್ಟಲಿಲ್ಲ. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಮಂಡಳಿಯ ಕಚೇರಿಗೆ ಹೊರಟರು. ತಳ್ಳಿಕೊಂಡು ಹೋದವನು ನಾನು.

"ಸಾರ್, ಈ ಪರವಾನಗಿ ವಾಪಸ್ ತಗೊಳ್ಳಿ. ನಾನು ದಾದಿ ಅಲ್ಲ, ರೋಗಿ."

"ಅದಕ್ಕೆ ದಾಖಲೆ?" ಅಂದರು ಅಧಿಕಾರಿ.

"ಕಾಲು ಇದೆ, ನೋಡಿ."

"ಕಾಲು ದಾಖಲೆಯಲ್ಲ."

"ನನಗೆ ಸೂಜಿ ಕಂಡ್ರೆ ಜೀವ ಹೋಗುತ್ತೆ ಸಾರ್."

"ಅದು ಪಠ್ಯಕ್ರಮದಲ್ಲಿಲ್ಲ. ನೋಡಿ ಇವರೇ, ಪರವಾನಗಿ ವಾಪಸ್ ಪಡೀಬೇಕಾದರೆ ನೀವು ಕೆಲಸದಲ್ಲಿ ತಪ್ಪು ಮಾಡಿರಬೇಕು. ನೀವಿನ್ನೂ ಕೆಲಸಕ್ಕೇ ಸೇರಿಲ್ಲ. ಸೇರಿ, ಒಂದು ವಾರ ನಿಷ್ಠೆಯಿಂದ ತಪ್ಪು ಮಾಡಿ, ಆಮೇಲೆ ಬನ್ನಿ."

ಅಧಿಕಾರಿಯ ಮಾತಿನಲ್ಲಿ ತಳ್ಳಿಹಾಕುವಂಥದ್ದು ಏನೂ ಇರಲಿಲ್ಲ. ಮರುದಿನವೇ ನಮ್ಮ ಅಧೀಕ್ಷಕರು ಕಂಡಕ್ಟರರಿಗೆ ನೇಮಕಾತಿ ಆದೇಶ ಕೊಟ್ಟರು. ಕರ್ತವ್ಯದಲ್ಲಿರುವ ದಾದಿ ಹಾಸಿಗೆಯಲ್ಲಿ ಮಲಗಿರುವುದು ಶಿಸ್ತಿನ ಉಲ್ಲಂಘನೆಯಾದ್ದರಿಂದ ಅವರು ಏಳನೇ ಹಾಸಿಗೆ ತೆರವು ಮಾಡಿ ಊರುಗೋಲಿನ ಮೇಲೆ ನಿಂತರು.

ಸಿಸ್ಟರ್ ಮಾತ್ರ ಬಾಗಿಲಲ್ಲೇ ನಿಂತಿದ್ದರು. ಅಂದು ಸೋಮವಾರ.

"ಸಾರ್, ನಾಲ್ಕನೇ ಬೆಡ್ಡಿನವರ ಹೊಲಿಗೆ ಒಂದು ಬಿಚ್ಚಿ ಹೋಗ್ತೀನಿ."

"ಆಗಲ್ಲಮ್ಮ," ಅಂದರು ಅಧೀಕ್ಷಕರು. ಮನುಷ್ಯ ಒಳ್ಳೆಯವರು, ನಿಯಮ ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. "ವಾರ್ಡಿನಲ್ಲಿ ಇರೋಕೆ ಅವಕಾಶ ಇರೋದು ಇಬ್ಬರಿಗೇ. ಪರವಾನಗಿ ಇರೋ ದಾದಿಗೆ, ಇಲ್ಲಾ ರೋಗಿಗೆ."

ಸಿಸ್ಟರ್ ಏಳನೇ ಹಾಸಿಗೆಯ ಕಡೆ ನೋಡಿ, "ಹಾಗಾದ್ರೆ ನನ್ನ ಅಡ್ಮಿಟ್ ಮಾಡ್ಕೊಳ್ಳಿ" ಅಂದರು.

ಅಧೀಕ್ಷಕರು ನನ್ನ ಕಡೆ ನೋಡಿದರು. ನಾನು ನಿಯಮಾವಳಿ ನೋಡಿದೆ. ತಡೆಯುವಂಥದ್ದು ಏನೂ ಇರಲಿಲ್ಲ, ಹಾಸಿಗೆಯೂ ಖಾಲಿ ಇತ್ತು. ಪುರುಷರ ಸಾಲಿನಲ್ಲಿ ಹೆಂಗಸು ಹೇಗೆ ಎಂಬ ಪ್ರಶ್ನೆ ಎದ್ದಾಗ ಒಂದು ಪರದೆ ಕಟ್ಟಿಸಲಾಯಿತು. ದಾಖಲಾತಿ ನಮೂನೆಯಲ್ಲಿ ಕಾಯಿಲೆ ಎಂಬಲ್ಲಿ ನಾನು "ಪರವಾನಗಿ ಇಲ್ಲದಿರುವಿಕೆ" ಎಂದು ಬರೆದೆ. ಎಷ್ಟು ದಿನದಿಂದ ಎಂಬಲ್ಲಿ "ಹತ್ತೊಂಬತ್ತು ವರ್ಷ" ಎಂದು ಬರೆದೆ. ಓದಿ ನೋಡಿದ ವೈದ್ಯರು, ಇಷ್ಟು ಹಳೆಯದಾದರೆ ವಾಸಿಯಾಗಲು ಸಮಯ ಹಿಡಿಯುತ್ತದೆಂದು ತಲೆಯಾಡಿಸಿ, ವಿಶ್ರಾಂತಿ ಬರೆದರು.

ಸಿಸ್ಟರ್ ಮಲಗಿದರು. ಆ ವಾರ್ಡಿನ ಸೂರನ್ನು ಅವರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಫ್ಯಾನಿನ ಮೇಲೆ ಎಷ್ಟು ಧೂಳಿದೆಯೆಂದು ಅವರಿಗೆ ಆಶ್ಚರ್ಯವಾಯಿತಂತೆ. ಸುಮಾರು ಆರು ನಿಮಿಷ ವಿಶ್ರಾಂತಿ ಪಡೆದರು. ಆಮೇಲೆ ಪರದೆ ಸರಿಸಿ, "ಕಂಡಕ್ಟ್ರೇ, ನಾಲ್ಕನೇ ಬೆಡ್ಡನ್ನ ಇಲ್ಲಿಗೆ ತಳ್ಳಿ" ಅಂದರು.

ಕಂಡಕ್ಟರ್ "ರೈಟ್!" ಎಂದು ಕೂಗಿದರು. ನಾಲ್ಕನೇ ಹಾಸಿಗೆಗೆ ಚಕ್ರಗಳಿದ್ದವು. ಅದು ಉರುಳಿ ಏಳನೇ ಹಾಸಿಗೆಯ ಪಕ್ಕಕ್ಕೆ ಬಂದು ನಿಂತಿತು. ಸಿಸ್ಟರ್ ಮಲಗಿದಲ್ಲಿಂದಲೇ ಕೈ ಚಾಚಿ ಹೊಲಿಗೆ ಬಿಚ್ಚಿದರು. ಇದನ್ನು ಶುಶ್ರೂಷೆ ಎನ್ನುವಂತಿರಲಿಲ್ಲ, ಅಕ್ಕಪಕ್ಕದ ರೋಗಿಗಳ ನಡುವಿನ ಸ್ನೇಹ ಎಂದು ನಾನು ಟಿಪ್ಪಣಿ ಹಾಕಿದೆ.

ಈ ಏರ್ಪಾಟು ಚೆನ್ನಾಗಿ ಕೂಡಿಬಂತು. ಹಾಸಿಗೆಗಳು ಸಾಲಾಗಿ ಉರುಳಿ ಬರುತ್ತಿದ್ದವು, ಸಿಸ್ಟರ್ ಸೂಜಿ ಚುಚ್ಚುತ್ತಿದ್ದರು, ಕಂಡಕ್ಟರ್ ಆ ಹೊತ್ತಿಗೆ ಸರಿಯಾಗಿ ಗೋಡೆ ಕಡೆ ಮುಖ ಮಾಡಿ ರಿಜಿಸ್ಟರ್ ಬರೆಯುತ್ತಿದ್ದರು. ಬಿಡುಗಡೆಯ ಹೊತ್ತಿಗೆ "ಇಳಿಯೋರು ಯಾರಿದ್ದೀರಿ, ಬೇಗ ಬೇಗ" ಎಂದು ಕೂಗಿದರೆ, ಇನ್ನೂ ಎರಡು ದಿನ ಇರಬೇಕಾದವರೂ ಎದ್ದು ಕೂರುತ್ತಿದ್ದರು. ಪಾಪ, ಕಂಡಕ್ಟರ್ ಒಂದು ವಾರ ಶತಪ್ರಯತ್ನ ಮಾಡಿದರೂ ಒಂದೇ ಒಂದು ತಪ್ಪು ಮಾಡಲಾಗಲಿಲ್ಲ. ಮಾಡಲು ಹೊರಟಾಗಲೆಲ್ಲ ಏಳನೇ ಹಾಸಿಗೆಯಿಂದ "ಕಂಡಕ್ಟ್ರೇ!" ಎಂಬ ಕೂಗು ಬರುತ್ತಿತ್ತು.

ತಿಂಗಳ ಕೊನೆಗೆ ಮಂಡಳಿಯ ಅಧಿಕಾರಿ ತಪಾಸಣೆಗೆ ಬಂದರು. ವಾರ್ಡು ನೋಡಿ ಬೆರಗಾದರು. "ಹೊಸ ಪರೀಕ್ಷೆಯ ಪ್ರಯೋಜನ ಕಣ್ಣಿಗೆ ಕಾಣ್ತಾ ಇದೆ" ಎಂದು ಕಂಡಕ್ಟರರ ಬೆನ್ನು ತಟ್ಟಿದರು. ಆಮೇಲೆ ಏಳನೇ ಹಾಸಿಗೆಯ ಬಳಿ ನಿಂತು, "ಏನಮ್ಮ, ಇಲ್ಲಿ ಚೆನ್ನಾಗಿ ನೋಡ್ಕೊಳ್ತಾರಾ?" ಎಂದು ಕೇಳಿದರು.

"ಪರವಾಗಿಲ್ಲ ಸಾರ್," ಅಂದರು ಸಿಸ್ಟರ್. ಅವರ ಹೊದಿಕೆಯ ಕೆಳಗೆ ಆಗ ಎರಡು ಥರ್ಮಾಮೀಟರ್, ಒಂದು ಕತ್ತರಿ ಮತ್ತು ಹನ್ನೆರಡು ಜನರ ಔಷಧಿಪಟ್ಟಿ ಇದ್ದವು.

ಸುದ್ದಿ ಹರಡಿತು. ರೋಗಿಗಳಾದರೆ ಪಾಸಾಗುತ್ತಾರೆ, ದಾದಿಯರಾದರೆ ಆಗುವುದಿಲ್ಲ ಎಂಬುದು ಅಂಕಿಅಂಶಗಳಿಂದ ಯಾರಿಗಾದರೂ ತಿಳಿಯುವಂತಿತ್ತು. ನಪಾಸಾದ ದಾದಿಯರೆಲ್ಲ ಮುಂದಿನ ಪರೀಕ್ಷೆಗೆ ರೋಗಿಗಳಾಗಿಯೇ ಹೋಗಲು ತೀರ್ಮಾನಿಸಿ, ತಮ್ಮ ತಮ್ಮ ಆಸ್ಪತ್ರೆಗಳಲ್ಲಿ ಅಡ್ಮಿಟ್ ಆದರು. ಹಾಸಿಗೆ ಸಾಲದೆ ಬಂದಾಗ ಗುಣವಾದ ರೋಗಿಗಳು ಎದ್ದು ಜಾಗ ಕೊಟ್ಟು, ಪರವಾನಗಿ ಹಿಡಿದು ಕೆಲಸಕ್ಕೆ ಸೇರಿದರು. ಯಾರೂ ದೂರು ಕೊಡಲಿಲ್ಲ. ದೂರು ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇರುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಜೂನ್ ತಿಂಗಳಲ್ಲಿ ಸಿಸ್ಟರ್ ಮಗಳು ಹೈಸ್ಕೂಲಿಗೆ ಸೇರಿದಳು. ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ "ದರ್ಜಿ" ಎಂದೂ, ತಾಯಿಯ ಉದ್ಯೋಗ ಎಂಬಲ್ಲಿ "ರೋಗಿ" ಎಂದೂ ಬರೆದಳು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಓದಿದರು.

"ಪರ್ಮನೆಂಟಾ?"

"ಸದ್ಯಕ್ಕೆ ಟೆಂಪರರಿ ಮಿಸ್," ಅಂದಳು ಹುಡುಗಿ. "ಪಾಸಾಗದಿದ್ರೆ ಪರ್ಮನೆಂಟ್ ಮಾಡ್ತಾರಂತೆ."

"ಒಳ್ಳೇದಾಯ್ತು ಬಿಡು," ಎಂದು ಟೀಚರ್ ಮೊಹರು ಒತ್ತಿದರು.