ಎಮ್ಮೆಗೆ ಈಸ್ಟ್

1953ರ ಜುಲೈ ತಿಂಗಳ ಒಂದು ಬುಧವಾರ, ನಾಯ್ಮಾರ್ಮೂಲೆಯ ನನ್ನ ಸೋದರಮಾವ ತಮ್ಮ ಎಮ್ಮೆಯನ್ನು ಪೂರ್ವಕ್ಕೆ ಮುಖ ಮಾಡಿಸಿ ಕಟ್ಟಿದರು. ಶಾಸ್ತ್ರಕ್ಕಲ್ಲ, ಚಿಕಿತ್ಸೆಗೆ! ದಿಕ್ಕು ಬದಲಿಸಿ ಅಜೀರ್ಣ ಗುಣಪಡಿಸಲು ಹೊರಟವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ.

ಮಾವ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಳಿ ತಿರುಗಿಸುವುದು ಅವರ ಕೆಲಸ. ನಿವೃತ್ತರಾದ ಮೇಲೂ ಅವರ ಪ್ರಪಂಚ ಹಳಿಯ ಮೇಲೇ ಓಡುತ್ತಿತ್ತು. ಅತ್ತೆ ಊಟಕ್ಕೆ ಕರೆದರೆ "ಸಿಗ್ನಲ್ ಬಿತ್ತು" ಎಂದು ಏಳುವರು. ನೆಂಟರು ಹೊರಟರೆ ಅಂಗಳದಲ್ಲಿ ನಿಂತು ಹಸಿರು ವಸ್ತ್ರ ಬೀಸುವರು. ಬೀಸುವ ತನಕ ಯಾರೂ ಕದಲುವಂತಿಲ್ಲ. ಒಮ್ಮೆ ಆ ವಸ್ತ್ರ ಒಗೆಯಲು ಹೋಗಿ ಒಣಗದಿದ್ದುದರಿಂದ ನಾನು ಮರುದಿನದವರೆಗೆ ಉಳಿಯಬೇಕಾಯಿತು! ಇಂಗ್ಲಿಷ್ ತಮಗೆ ಪೂರ್ತಿ ಬರುತ್ತದೆಂದು ಅವರ ನಂಬಿಕೆ. ಬರುತ್ತಿತ್ತು ಕೂಡ, ಪ್ಲಾಟ್‌ಫಾರ್ಮಿನ ಎರಡು ತುದಿಗಳ ನಡುವೆ ಎಷ್ಟು ಬೇಕೋ ಅಷ್ಟು.

ನೆರೆಮನೆಯ ಸೀಮಂತದಲ್ಲಿ ಅನ್ನ ಉಳಿದಿತ್ತು. ಹಾಳಾಗಬಾರದೆಂದು ಮಾವ ಒಂದು ಕಡಾಯಿ ತುಂಬ ತಂದು ಎಮ್ಮೆಯ ಮುಂದೆ ಸುರಿದರು. ಅದೂ ಹಾಳುಮಾಡಲಿಲ್ಲ. ಮರುದಿನ ಮೆಲುಕು ನಿಂತಿತು, ಹೊಟ್ಟೆ ಬಿಗಿಯಿತು, ಕಿವಿ ಜೋತುಬಿತ್ತು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದ ಅತ್ತೆ ತಮ್ಮ ಬಟ್ಟಲು ಕವುಚಿಟ್ಟರು.

"ಅದು ಮೆಲುಕು ಹಾಕದೆ ನನಗೆ ಗಂಜಿ ಇಳಿಯುದಿಲ್ಲ."

ಮಂಡಿನೋವಿನ ಅತ್ತೆಗೆ ಮೆಟ್ಟಿಲಿಳಿದು ಕೆಳಗಿನ ಕೊಟ್ಟಿಗೆಗೆ ಹೋಗಲು ಆಗುತ್ತಿರಲಿಲ್ಲ. ಮಾವ ಮೇಲೆ ಬಂದಾಗಲೆಲ್ಲ "ಈಗ ಹ್ಯಾಗುಂಟು?" ಎಂದು ಅತ್ತೆ ಕೇಳುವರು. ಮಾವ ಮತ್ತೆ ಮೆಟ್ಟಿಲಿಳಿದು ನೋಡಿ ಬರುವರು.

ಕೊನೆಗೆ ಕಾಸರಗೋಡಿಗೆ ಹೋಗಿ ದನದ ಡಾಕ್ಟರಿಗೆ ವರದಿ ಒಪ್ಪಿಸಿದರು: "ಅಪ್ ಲೈನ್ ಬ್ಲಾಕ್ ಸಾರ್. ಡೌನ್ ಲೈನ್ ಸ್ವಲ್ಪ ಸ್ವಲ್ಪ ಉಂಟು."

ಡಾಕ್ಟರು ಎಲ್ಲ ವಿಚಾರಿಸಿ, "ಈಸ್ಟ್ ಕೊಡಿ, ಸರಿಯಾಗ್ತದೆ" ಎಂದರು.

ರೈಲ್ವೆಯಲ್ಲಿ ಸಿಗ್ನಲ್ ಕೊಡುತ್ತಾರೆ, ಲೈನ್ ಕೊಡುತ್ತಾರೆ. ಈಸ್ಟ್ ಕೊಡುವುದೇನು ಕಷ್ಟ? ಮಾವ ಬಂದವರೇ ಗೂಟ ಕಿತ್ತು, ದಕ್ಷಿಣಕ್ಕೆ ಮುಖ ಮಾಡಿದ್ದ ಎಮ್ಮೆಯನ್ನು ಪೂರ್ವಕ್ಕೆ ತಿರುಗಿಸಿದರು.

"ಇದೆಂತ ಮದ್ದು ಮಾವ?" ಎಂದೆ.

"ದಕ್ಷಿಣ ಯಾರ ದಿಕ್ಕು? ಯಮನದ್ದು. ಯಮನ ವಾಹನ ಎಂತದ್ದು? ಕೋಣ. ಇದು ಎಮ್ಮೆ. ಸಂಬಂಧ ಬೆಳೆಯುವ ಮೊದಲು ಬಿಡಿಸ್ಬೇಕು ಮಾರಾಯ! ಡಾಕ್ಟ್ರು ತುಂಬ ಓದಿದವರು."

ಎಮ್ಮೆ ಸೂರ್ಯೋದಯ ನೋಡಿತು. ಮೆಲುಕು ಮಾತ್ರ ಹಾಕಲಿಲ್ಲ. ಮಾವ ಮತ್ತೆ ಡಾಕ್ಟರಲ್ಲಿಗೆ ಹೊರಟಾಗ ನಾನೂ ಜೊತೆಗಿದ್ದೆ.

"ಈಸ್ಟ್ ಕೊಟ್ರಾ?"

"ಕೊಟ್ಟೆ ಸಾರ್."

"ಎಷ್ಟು ಕೊಟ್ರಿ?"

"ಪೂರ್ತಿ ಈಸ್ಟ್ ಸಾರ್. ಹಗಲೂ ಉಂಟು, ರಾತ್ರಿಯೂ ಉಂಟು."

ಡಾಕ್ಟರು ಗಾಬರಿಯಿಂದ ಎದ್ದು ನಿಂತರು. "ಅಷ್ಟು ಕೊಟ್ರೆ ಹೊಟ್ಟೆಯ ಗತಿ ಎಂತ ಮಾರಾಯ್ರೇ!"

"ಒಂಚೂರು ಸೌತಿಗೆ ವಾಲಿದೆ ಸಾರ್. ಅದು ಗೂಟದ ತಪ್ಪು, ಎಮ್ಮೆಯದ್ದಲ್ಲ."

ಡಾಕ್ಟರು ನಗು ತಡೆದುಕೊಂಡು ಹೇಳಿದ ಮೇಲೆ ವಿಷಯ ತಿಳಿಯಿತು: ಈಸ್ಟ್ ಎಂದರೆ ರೊಟ್ಟಿ ಉಬ್ಬಿಸಲು ಬೇಕರಿಯವರು ಹಾಕುವ ವಸ್ತು. ಬೆಲ್ಲದ ನೀರಿನಲ್ಲಿ ಕದಡಿ ಕುಡಿಸಬೇಕು. ಹುಳಿಸಿದ ಹಿಟ್ಟಿನಂತೆ ಅದಕ್ಕೂ ಜೀವ ಉಂಟು. ಹೊಟ್ಟೆಯೊಳಗೆ ನಿಂತ ಕೆಲಸವನ್ನು ಅದು ಮತ್ತೆ ಶುರುಮಾಡಿಸುತ್ತದೆ.

ಮಾವ ಬೇಕರಿಯ ಮುಂದೆ ನಿಂತು, "ರೊಟ್ಟಿ ಉಬ್ಬಿಸುವಂಥದ್ದು... ಈಗಾಗಲೇ ಉಬ್ಬಿದ ಎಮ್ಮೆಗಾ?" ಎಂದರು.

ಬೇಕರಿಯ ಯಜಮಾನ ಬ್ಯಾರಿ ಪೊಟ್ಟಣ ಕಟ್ಟುತ್ತ ಕೇಳಿದರು: "ಎಮ್ಮೆಗಾ? ಎಂತ, ಬನ್ ಮಾಡ್ಲಿಕ್ಕುಂಟಾ ಅದನ್ನು?"

ಈ ಮಾತು ಮನೆ ತಲುಪಿದ್ದೇ ತಡ, ಅತ್ತೆ ಈಸ್ಟ್ ಕದಡಿದ ಬೆಲ್ಲದ ನೀರಿನ ಚೊಂಬನ್ನು ಮಾವನ ಕಡೆಗೆ ದೂಡಿದರು. "ಅನ್ನ ಸುರಿದವರು ನೀವು. ಮೊದಲು ನೀವು ಕುಡೀರಿ."

ಮಾವ ಕಣ್ಣುಮುಚ್ಚಿ ಒಂದು ಲೋಟ ಕುಡಿದರು. ಜಗಲಿಯಲ್ಲಿ ಕೂತು ಕಾದೆವು. ಸ್ವಲ್ಪ ಹೊತ್ತಿಗೆ ನೆರೆಮನೆಗೂ ಕೇಳುವಂತೆ ತೇಗಿದರು.

"ಲೈನ್ ಕ್ಲಿಯರ್!"

ಉಳಿದದ್ದನ್ನು ಬಿದಿರಿನ ಗೊಟ್ಟದಲ್ಲಿ ಎಮ್ಮೆಗೆ ಕುಡಿಸಿದರು. ಮರುದಿನವೂ ಕುಡಿಸಿದರು. ಆ ಸಂಜೆ ಎಮ್ಮೆಯೂ ತೇಗಿತು, ಮಾವನದ್ದಕ್ಕಿಂತ ಗಂಭೀರವಾಗಿ. ಆಮೇಲೆ ದವಡೆ ಒಂದು ಸಲ ಆಡಿತು. ನಿಂತಿತು. ಮತ್ತೆ ಆಡಿತು. ಮಾವ ಕೊಟ್ಟಿಗೆಯಿಂದ ಹೊರಗೆ ಓಡಿ, ಅಡಿಗೆಮನೆಯ ಕಡೆಗೆ ತಿರುಗಿ ಹಸಿರು ವಸ್ತ್ರ ಬೀಸಿದರು. ಒಳಗೆ ಬಟ್ಟಲಿನ ಸದ್ದಾಯಿತು.

"ಇನ್ನು ಗೂಟ ಮೊದಲಿನ ಜಾಗಕ್ಕೆ ಹಾಕುವ ಮಾವ. ಅದು ಬೇರೆ ಈಸ್ಟ್ ಅಂತ ಗೊತ್ತಾಯ್ತಲ್ಲ!" ಎಂದು ನಾನು ನಕ್ಕೆ.

ಮಾವ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

"ಸುಮ್ಮನಿರು. ಮೊದಲು ಅಡಿಗೆಮನೆ ಕಿಟಕಿಯಿಂದ ಬೆನ್ನು ಮಾತ್ರ ಕಾಣ್ತಿತ್ತು. ಈಗ ಮುಖ ಕಾಣ್ತದೆ. ತಿರುಗಿಸಿದ ಮೇಲೆ ಅವಳು 'ಹ್ಯಾಗುಂಟು' ಅಂತ ಒಂದು ಸಲ ಕೇಳಿದ್ದುಂಟಾ? ನೀನು ನೋಡ್ಲಿಲ್ವಾ?"

ಮರುವರ್ಷ ನಾನು ಹೋದಾಗಲೂ ಗೂಟ ಅಲ್ಲೇ ಇತ್ತು. ಅತ್ತೆ ಕಿಟಕಿಯ ಬಳಿ ಕೂತು ಗಂಜಿ ಉಣ್ಣುತ್ತಿದ್ದರು. ಎಮ್ಮೆ ಪೂರ್ವಕ್ಕೆ ಮುಖ ಮಾಡಿ ಮೆಲುಕು ಹಾಕುತ್ತಿತ್ತು.