ಹುರುಳಿಕಟ್ಟಿಗೆ ಎರಡು ಚಮಚ ಬ್ರಾಂದಿ

ಕುಡಿಯದವನನ್ನು ಕಂಡರೆ ಕುಡಿಯುವವರಿಗೆ ಅದೇನೋ ಅಪಾರ ನಂಬಿಕೆ. ಅವರನ್ನು ಮನೆ ತಲುಪಿಸುವ ಹೊಣೆ ಅವನದು, ಹಿಂದಿನ ಸಂಜೆ ಏನೇನು ಮಾತಾಡಿದೆವು ಎಂದು ನೆನಪಿಸುವ ಹೊಣೆ ಅವನದು, ಬಾಟಲಿಗಳ ಬೀರುವಿನ ಬೀಗದ ಕೈಯೂ ಅವನದೇ. ಮಜ್ಜಿಗೆಗಿಂತ ಖಡಕ್ಕಾದದ್ದನ್ನು ಎಂದೂ ಬಾಯಿಗೆ ಮುಟ್ಟಿಸದ ನಾನು ಎಪ್ಪತ್ತರ ದಶಕದ ನಡುವಿನಲ್ಲಿ ಚಿತ್ರದುರ್ಗದ ಒಂದು ಕ್ಲಬ್ಬಿಗೆ ಗೌರವ ಕಾರ್ಯದರ್ಶಿಯಾದದ್ದು ಹೀಗೆ. ಗೌರವ ಎಂದರೆ ಸಂಬಳವಿಲ್ಲ ಎಂದರ್ಥ. ಹಗಲೆಲ್ಲ ಎಂಜಿನಿಯರ್ ಕಚೇರಿಯಲ್ಲಿ ಗುಮಾಸ್ತೆ. ಸಂಜೆಯಾದರೆ, ಅದೇ ಕಚೇರಿಯ ಸಾಹೇಬರು ಅಧ್ಯಕ್ಷರಾಗಿದ್ದ ಆ ಕ್ಲಬ್ಬಿನಲ್ಲಿ ಬೀರುವಿನ ಕಾವಲುಗಾರ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ರಮ್ಮು ವಿಸ್ಕಿಗಳ ಬೀಗದ ಕೈ. ಎರಡೂ ಒಂದಕ್ಕೊಂದು ತಾಗದ ಹಾಗೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಸಾಹೇಬರು ಕೆಲವು ವರ್ಷ ದಿಲ್ಲಿಯಲ್ಲಿದ್ದು ಬಂದವರು. ಅಲ್ಲಿಂದ ಬರುವಾಗ ಒಂದು ಉಣ್ಣೆ ಕೋಟು, ಒಂದು ಕೆಮ್ಮು ಮತ್ತು ಚಳಿಗಾಲದ ಬಗ್ಗೆ ಬಲವಾದ ಅಭಿಪ್ರಾಯಗಳನ್ನು ತಂದಿದ್ದರು. ನಮ್ಮ ದುರ್ಗದ ಚಳಿ ಏನು ಮಹಾ? ಕಾರ್ತಿಕ ಕಳೆದ ಮೇಲೆ ಬೆಟ್ಟದ ಬಂಡೆಗಳು ತಣ್ಣಗಾಗುತ್ತವೆ, ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸುತ್ತದೆ, ಜನ ಬೆಳಿಗ್ಗೆ ಕಿವಿಗೆ ಟವಲು ಸುತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಅದೇ ಟವಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾರೆ. ಆದರೆ ಸಾಹೇಬರು ಅಷ್ಟಕ್ಕೇ ಕೋಟು ತೊಟ್ಟು ಕ್ಲಬ್ಬಿನ ಜಗಲಿಯಲ್ಲಿ ಕೂತು, "ಏನ್ರೀ, ಚಳಿಗಾಲದಲ್ಲೂ ಅದೇ ರಮ್ಮು, ಅದೇ ಸೋಡಾ? ದಿಲ್ಲಿಯಲ್ಲಿ ಋತುವಿಗೆ ತಕ್ಕ ಹಾಗೆ ಕಾಕ್‌ಟೇಲ್ ಮೆನು ಬದಲಾಯಿಸ್ತಾರೆ. ಆಯಾ ಕಾಲದ ಹಣ್ಣು, ಆಯಾ ಊರಿನ ಮಸಾಲೆ. ಸಂಕ್ರಾಂತಿ ಹೊತ್ತಿಗೆ ನಮ್ಮಲ್ಲೂ ಒಂದು ಆಗಬೇಕು. ನೀವೇ ಮಾಡಿ" ಎಂದರು. ನಾನು ಕುಡಿಯುವುದಿಲ್ಲ ಎಂದು ನೆನಪಿಸಿದೆ. "ಅದಕ್ಕೇ ನಿಮಗೆ ಹೇಳಿದ್ದು. ಬೇರೆಯವರಿಗೆ ವಹಿಸಿದರೆ ಮೆನು ಉಳಿಯುತ್ತೆ, ಮಾಲು ಉಳಿಯೋಲ್ಲ" ಎಂದರು.

ಬೇರೆ ಯಾವಾಗಲಾದರೂ ಆಗಿದ್ದರೆ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಜುಟ್ಟು ಆಗ ಸಾಹೇಬರ ಕೈಯಲ್ಲಿತ್ತು. ಮದುವೆಯಾಗಿ ವರ್ಷ ತುಂಬುತ್ತ ಬಂದಿತ್ತು. ಹೆಂಡತಿ ಗಿರಿಜೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಶಾಲೆಯಲ್ಲಿ ಮೇಡಂ, ನಾನು ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಅರ್ಧ ಬ್ರಹ್ಮಚಾರಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ ಹೊಳಲ್ಕೆರೆ, ಹೊಸದುರ್ಗ ದಾಟಿ ಕತ್ತಲಾಗುವ ಮುಂಚೆ ಅವಳ ಮುಖ; ಸೋಮವಾರ ನಸುಕಿಗೆ ಮತ್ತೆ ಬಸ್ಸಿನ ಮುಖ. ಇಷ್ಟೇ ನಮ್ಮ ಸಂಸಾರ. ಹೊಸದುರ್ಗದ ಉಪಕಚೇರಿಗೆ ವರ್ಗ ಮಾಡಿಸಿಕೊಂಡರೆ ದಿನಾ ಸಂಜೆ ಅವಳ ಕೈ ಊಟ. ಅದಕ್ಕೆ ಸಾಹೇಬರ ಶಿಫಾರಸು ಬೇಕು. "ಮೆನು ಚೆನ್ನಾಗಿ ಬರಲಿ, ಆಮೇಲೆ ನೋಡೋಣ" ಎಂದು ಅವರು ಬಾಯಿಬಿಟ್ಟೇ ಹೇಳಿದ್ದರು.

ಗಿರಿಜೆ ಹೊಳಲ್ಕೆರೆಯ ಮಡಿವಂತ ವ್ಯಾಪಾರಸ್ಥರ ಮಗಳು. ವಿಷಯ ಹೇಳಿದ ಕೂಡಲೇ ಒಲೆಯ ಮುಂದಿಂದ ಎದ್ದಳು. "ಏನ್ರಿ, ನನ್ ಕೈಲಿ ಹೆಂಡಕ್ಕೆ ಮಸಾಲೆ ಅರೆಸ್ತೀರ? ನಮ್ಮಪ್ಪಗೆ ಗೊತ್ತಾದ್ರೆ ನಿಮ್ಮನ್ನ ತಕ್ಕಡೀಲಿಟ್ಟು ತೂಗ್ತಾನೆ." ನಾನು ಹೊಸದುರ್ಗದ ವರ್ಗದ ಮಾತೆತ್ತಿದೆ. ಅವಳು ಮತ್ತೆ ಒಲೆಯ ಮುಂದೆ ಕೂತಳು. "ಅಲ್ರಿ, ನಾನು ಮಾಡಾದು ಬರೀ ಕಷಾಯ. ಶೀತಕ್ಕೆ ಒಳ್ಳೇದು. ಆಮ್ಯಾಲೆ ಅದ್ರಾಗೆ ನಿಮ್ ಸಾಹೇಬ್ರು ಏನ್ ಸುರ್ಕಂಡ್ರೆ ನಂಗೇನು? ಶುಂಠಿ ಎಲ್ಲೈತೆ, ಆ ಡಬ್ಬಿ ತಗೀರಿ." ಅಷ್ಟು ಸಲೀಸಾಗಿ ಧರ್ಮಸಂಕಟ ಬಗೆಹರಿಸಿದವರನ್ನು ನಾನು ಆಮೇಲೂ ಕಂಡಿಲ್ಲ.

ಮೊದಲು ತಯಾರಾದದ್ದು ಶುಂಠಿ, ಮೆಣಸು, ಹೊಸಬೆಲ್ಲದ ಪಾಕ. ಬೆಲ್ಲ ಹಿರಿಯೂರು ಕಡೆಯದು. ಸಾಹೇಬರು ನಾಲೆ ನೋಡಲು ಹೋದಾಗ ಆಲೆಮನೆಯಿಂದ ತಂದುಕೊಟ್ಟಿದ್ದರು. ಇನ್ನೂ ಬಿಸಿ ಆರದ ಕಬ್ಬಿನ ವಾಸನೆ ಅದರಲ್ಲಿತ್ತು. ಪಾಕಕ್ಕೆ ಬಿಸಿನೀರು ಬೆರೆಸಿ ನಾನು ರುಚಿ ನೋಡಿದೆ: ಕಿವಿಯ ತುದಿಯವರೆಗೆ ಬೆಚ್ಚಗಾಯಿತು. ಇನ್ನು ಇದಕ್ಕೆ ರಮ್ಮು ಎಷ್ಟು ಹಾಕಬೇಕು ಎಂದು ಹೇಳುವವರು ಯಾರು? ಕ್ಲಬ್ಬಿನಲ್ಲಿ ಗ್ಲಾಸು ಹಂಚುವ ಓಬಳಪ್ಪ ಇದ್ದ. ದಪ್ಪ ಮೀಸೆಯ, ನಿಧಾನದ ಮನುಷ್ಯ. ಮೊದಲ ಸಲ ಗುಟುಕರಿಸಿ ಮೀಸೆ ಒರೆಸಿಕೊಂಡು, "ಶುಂಠಿ ಐತೆ, ಮೆಣಸು ಐತೆ, ಬೆಲ್ಲಾನೂ ಐತೆ. ರಮ್ಮು ಎಲ್ಲೈತ್ರಿ ಸ್ವಾಮಿ?" ಎಂದ. ಸ್ವಲ್ಪ ಹೆಚ್ಚಿಸಿದೆ. "ಈಗ ದೂರದಾಗೆ ಕಾಣ್ತೈತೆ" ಎಂದ. ಇನ್ನೂ ಹೆಚ್ಚಿಸಿದೆ. "ಹಾಂ, ಈಗ ಬಂದು ಪಕ್ಕದಾಗೆ ಕುಂತ್ಕಂತು" ಎಂದ. ಅಲ್ಲಿಂದ ಮುಂದೆ ಅವನ ಅಭಿಪ್ರಾಯದಿಂದ ಪ್ರಯೋಜನವಿರಲಿಲ್ಲ. ಏನು ಕೊಟ್ಟರೂ "ಬೇಷಾಗೈತೆ" ಎನ್ನುತ್ತಿದ್ದ. ಪರೀಕ್ಷೆಗೆಂದು ನಾನು ಕೊಟ್ಟ ಬರೀ ನೀರಿಗೂ ಬೇಷ್ ಎಂದ. ಹಾಗಾಗಿ ದಿನಕ್ಕೆ ಒಂದೇ ಪಾನೀಯದ ಪರೀಕ್ಷೆ ಎಂದು ನಿಯಮ ಮಾಡಿದೆ.

ಈ ಶುಂಠಿ ರಮ್ಮನ್ನು ಕುಡಿದ ಸಾಹೇಬರ ಕೆಮ್ಮು ಅಲ್ಲೇ ನಿಂತಿತು. ಕೋಟಿನ ಗುಂಡಿ ಬಿಚ್ಚಿ, "ಶಿಫಾರಸು ನೀವೇ ಟೈಪ್ ಮಾಡಿ ತನ್ನಿ, ಏನು ಬೇಕೋ ಬರೆದುಕೊಳ್ಳಿ, ಕಣ್ಮುಚ್ಚಿ ರುಜು ಹಾಕ್ತೀನಿ" ಎಂದರು. ಇಂಥ ಅವಕಾಶ ಗುಮಾಸ್ತೆಯ ಜನ್ಮದಲ್ಲಿ ಎಷ್ಟು ಸಲ ಬರುತ್ತದೆ? ಕಚೇರಿಯ ಇಂಗ್ಲಿಷಿನಲ್ಲಿ ಇರುವ ಬಲವಾದ ಮಾತುಗಳನ್ನೆಲ್ಲ ಸುರಿದೆ. ಪತಿಪತ್ನಿಯರು ಒಂದೆಡೆ ಇರುವುದು ಅತ್ಯಗತ್ಯವೆಂದೂ, ಈ ವರ್ಗಾವಣೆಯನ್ನು ಯಾವ ಕಾರಣಕ್ಕೂ ತಡೆಯಕೂಡದೆಂದೂ, ಮುಂದೆ ಈ ಕಚೇರಿಯೇ ಬೇರೆ ರೀತಿ ಕೋರಿದರೂ ಪರಿಗಣಿಸಕೂಡದೆಂದೂ ಬರೆದೆ. ಕೊನೆಯ ಮಾತು ನನಗೇ ಬಹಳ ಹಿಡಿಸಿತು. ಸಾಹೇಬರು ಕಣ್ಮುಚ್ಚಿಯೇ ರುಜು ಹಾಕಿದರು. ಕಾಗದ ಬೆಂಗಳೂರಿಗೆ ಹೋಯಿತು, ಮತ್ತೆ ಅದರ ಸುದ್ದಿಯೇ ಇಲ್ಲ.

ಮೆನು ಮಾತ್ರ ವಾರದಿಂದ ವಾರಕ್ಕೆ ಬೆಳೆಯುತ್ತಿತ್ತು. ಸೀಬೆಹಣ್ಣನ್ನು ಬೇಯಿಸಿ ಸೋಸಿ, ಉಪ್ಪು ಖಾರ ತಾಗಿಸಿ, ಅದಕ್ಕೆ ಜಿನ್ನು. ಮಾಡದಕೆರೆಯ ದಾಳಿಂಬೆಯ ರಸಕ್ಕೆ ಏಲಕ್ಕಿ ಹಾಕಿ ವಿಸ್ಕಿ. ಬೆಟ್ಟದ ನೆಲ್ಲಿಕಾಯಿ ಜಜ್ಜಿ ಜೇನಿನಲ್ಲಿ ನೆನೆಸಿದ್ದಕ್ಕೆ ಮತ್ತೆ ಜಿನ್ನು. ಹುರಿದ ಎಳ್ಳು ರುಬ್ಬಿ ತೆಂಗಿನಹಾಲು, ಬೆಲ್ಲ ಸೇರಿಸಿದ ಸಂಕ್ರಾಂತಿಯ ಪಾನೀಯಕ್ಕೆ ಬ್ರಾಂದಿ. ಮದ್ಯವಿಲ್ಲದ ಅರ್ಧ ಮತ್ತೋಡಿನಲ್ಲಿ, ಮದ್ಯವಿರುವ ಅರ್ಧ ದುರ್ಗದಲ್ಲಿ. ನಡುವೆ ಬಾಟಲಿಗಳ ಚೀಲ ಹೊತ್ತು ನಾನು. ಒಂದು ಸೋಮವಾರ ಸೀಬೆಯ ಬಾಟಲಿ ಒಲೆಯ ಪಕ್ಕದಲ್ಲೇ ಇದ್ದು ಹುಳಿತಿರಬೇಕು, ಹೊಳಲ್ಕೆರೆ ಸಮೀಪದ ಹಳ್ಳದಲ್ಲಿ ಬಸ್ಸು ಕುಲುಕಿದ್ದೇ ತಡ, ಢಮ್ ಎಂದು ಬಿರಡೆ ಹಾರಿ ಬಸ್ಸಿನ ಸೂರಿಗೆ ಬಡಿಯಿತು. ಬಸ್ಸೆಲ್ಲ ಘಮ್ಮೆಂದಿತು. ಕಂಡಕ್ಟರ್ ಮೂಗರಳಿಸಿ, "ಏನ್ ಸಾಮಿ, ಹಣೆ ಮ್ಯಾಲಿನ ಇಬೂತಿ ನೋಡಿದ್ರೆ ಹಂಗಿಲ್ಲ" ಎಂದ. ನಾನು ಇದು ಕಷಾಯ, ಶೀತಕ್ಕೆ ಒಳ್ಳೆಯದು ಎಂದು ಇಡೀ ಬಸ್ಸಿಗೆ ಕೇಳುವಂತೆ ಸಾರಿದೆ. ಯಾರೂ ನಂಬಲಿಲ್ಲ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವ ಮುದುಕ ಮಾತ್ರ ಕರುಣೆಯಿಂದ ನನ್ನ ತೊಡೆ ತಟ್ಟಿ, "ಇರ್ಲಿ ಬಿಡಪ್ಪ, ಚಳಿ ಐತೆ. ನಂಗೂ ಒಂದ್ ಗುಟುಕು ಶೀತ ಆಗೈತೆ" ಎಂದು ಅಂಗೈ ಚಾಚಿದ. ಕೊಟ್ಟೆ. ಇಳಿಯುವಾಗ ಕಂಡಕ್ಟರನಿಗೂ ಶೀತವಾಗಿತ್ತು.

ಇವೆಲ್ಲದರ ಮೇಲೆ ಮುಕುಟವಿಟ್ಟದ್ದು ಹುರುಳಿಕಟ್ಟು. ಒಂದು ಶನಿವಾರ ನಾನು ನಡುಗುತ್ತ ಇಳಿದಾಗ ಗಿರಿಜೆ ಹುರುಳಿ ಬೇಯಿಸಿ ಬಸಿದ ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಹುಣಿಸೆ ಹಿಂಡಿ, ಲೋಟದಲ್ಲಿ ಹಾಗೇ ಕುಡಿಯಲು ಕೊಟ್ಟಳು. ಅರ್ಧ ಲೋಟಕ್ಕೇ ನನ್ನ ಗುಮಾಸ್ತೆ ಬುದ್ಧಿ ಚುರುಕಾಯಿತು. "ಇದನ್ನೂ ಮೆನುವಿಗೆ ಸೇರಿಸಾಣ" ಎಂದೆ. "ಸಾರಿಗೆ ಸಾರಾಯಿ ಹಾಕ್ತೀರ? ನಿಮಗೆ ಪೂರ್ತಿ ತಲೆ ಕೆಟ್ಟೈತೆ" ಎಂದು ನಗುತ್ತಲೇ ಪಾತ್ರೆಗೆ ಇನ್ನಷ್ಟು ನೀರು ಎರೆದಳು. ಎರಡು ಚಮಚ ಬ್ರಾಂದಿ ಬೆರೆತ ಆ ಕಟ್ಟನ್ನು ಕುಡಿದ ಓಬಳಪ್ಪ ಈ ಸಲ ಬೇಷ್ ಎನ್ನಲಿಲ್ಲ. ಗೋಡೆಗೆ ಒರಗಿ, "ನಮ್ಮವ್ವ ನೆಪ್ಪಾದ್ಲು" ಎಂದು ಕಣ್ಣೊರೆಸಿಕೊಂಡ. ಮೆನು ಕಾರ್ಡಿನಲ್ಲಿ ಅದಕ್ಕೆ ಹಾರ್ಸ್‌ಗ್ರಾಂ ಸಂಥಿಂಗ್ ಎಂದು ಗತ್ತಿನ ಹೆಸರು ಟೈಪ್ ಮಾಡಿದ್ದೆ. ಕುದುರೆಯ ಹೆಸರು ಕೇಳಿದರೆ ಯಾರೂ ಮುಟ್ಟುವುದಿಲ್ಲ ಎಂದು ಸಾಹೇಬರೇ ಹೊಡೆದು ಹಾಕಿ ಹುರುಳಿಕಟ್ಟು ಎಂದು ಬರೆದರು.

ಸಂಕ್ರಾಂತಿಯ ಮರುಸಂಜೆ ಕ್ಲಬ್ಬಿನ ಅಂಗಳದಲ್ಲಿ ಬೆಂಕಿ ಹಾಕಿ ಕುರ್ಚಿ ಸುತ್ತಲಿಟ್ಟೆವು. ಶುಂಠಿ ರಮ್ಮು ಹೋಯಿತು, ದಾಳಿಂಬೆ ಹೋಯಿತು, ನೆಲ್ಲಿಕಾಯಿ ಮುಖ ಕಿವುಚಿಸಿ ಹೋಯಿತು. ಹುರುಳಿಕಟ್ಟು ಬಂದ ಮೇಲೆ ಉಳಿದವನ್ನು ಕೇಳುವವರೇ ಇಲ್ಲ. ಇಂಗ್ಲಿಷ್ ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಊರಿನ ಕನ್ನಡಕ್ಕೆ ಇಳಿದರು. ಇಸ್ಪೀಟು ಬಿಟ್ಟು ತಾಯಂದಿರ ಅಡುಗೆಯ ಮಾತು ಶುರುವಾಯಿತು. ಒಬ್ಬರು ಮುದ್ದೆ ಐತೇನ್ರಿ ಎಂದು ಕೇಳಿಯೇಬಿಟ್ಟರು. ನನಗೆ ಎದೆಯುಬ್ಬಿ ಬಂತು. ಹೊಸದುರ್ಗ ಇನ್ನು ಕೈಗೆ ಸಿಕ್ಕಂತೆಯೇ ಎಂದು ಸಾಹೇಬರ ಪಕ್ಕ ಹೋಗಿ ನಿಂತೆ. ಸಾಹೇಬರು ತಾವು ರುಜು ಹಾಕಿದ್ದನ್ನೇ ಮರೆತು, ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕೇಳುವಂತೆ, "ಇಂಥ ಮನುಷ್ಯ ಹೊಸದುರ್ಗಕ್ಕೆ ವರ್ಗ ಕೇಳ್ತಾನೆ! ನಿನ್ನನ್ನು ಕಳಿಸಿ ನಾನೇನು ಕ್ಲಬ್ಬಿಗೆ ಬೀಗ ಹಾಕ್ಲಾ? ಎಲ್ಲಿಗೂ ಬಿಡೋಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಡಿಯದೇ ನನ್ನ ಕಾಲು ತಡವರಿಸಿತು.

ಅಳು ಬಂದವನಂತೆ ನಿಜ ಹೇಳಿಬಿಟ್ಟೆ. "ಸಾರ್, ಇದರಲ್ಲಿ ನನ್ನದೇನೂ ಇಲ್ಲ. ಮಾಡಿದ್ದೆಲ್ಲ ನನ್ನ ಹೆಂಡತಿ. ಮತ್ತೋಡಿನಲ್ಲಿದ್ದಾಳೆ." ಸಾಹೇಬರು ಬೆಂಕಿಯ ಆಚೆ ಎರಡನೇ ಲೋಟ ಊದುತ್ತಿದ್ದ, ಕ್ಲಬ್ಬಿನ ಸದಸ್ಯರೇ ಆದ ಜಿಲ್ಲಾ ವಿದ್ಯಾಧಿಕಾರಿಗಳ ಕಡೆ ತಿರುಗಿದರು. "ಕೇಳಿದಿರಾ? ಈ ಕೈಗುಣದ ಮೇಡಮ್ಮನ್ನ ಮತ್ತೋಡಿನಲ್ಲಿ ಇಟ್ಟಿದ್ದೀರಲ್ರೀ, ಇದು ನ್ಯಾಯವೇ?" ವಿದ್ಯಾಧಿಕಾರಿಗಳು ತಮ್ಮ ಇಲಾಖೆಯ ಪರವಾಗಿ ನಾಚಿಕೊಂಡರು. ಪತಿಪತ್ನಿಯರು ಒಂದೆಡೆ ಇರಬೇಕಾದ್ದು ಧರ್ಮ ಎಂದು ಘೋಷಿಸಿ ಮೂರನೇ ಲೋಟ ಕೇಳಿದರು. ಹಬ್ಬದ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಇರುವಾಗಲೇ ಗಿರಿಜೆಗೆ ಚಿತ್ರದುರ್ಗದ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಯಿತು.

ಅವಳು ಟ್ರಂಕು, ಒರಳು, ಹುರುಳಿಯ ಮೂಟೆ ಸಮೇತ ಬಂದಿಳಿದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಕುಣಿಯುವುದೊಂದು ಬಾಕಿ. ಕೋಣೆ ಬಿಟ್ಟು ಎರಡಂಕಣದ ಮನೆ ಹಿಡಿದೆವು. ಬೆಳಿಗ್ಗೆ ಎದ್ದರೆ ಅವಳು, ಸಂಜೆ ಬಂದರೆ ಅವಳು. ಶನಿವಾರವೂ ಮನೆಯಲ್ಲೇ ಇರಬಹುದೆಂಬುದು ನನಗೆ ದೊಡ್ಡ ಸೋಜಿಗ. ಅಷ್ಟು ಸುಖವಾಗಿದ್ದೆ. ಹಾಲಿನವನು, ತರಕಾರಿಯವನು ಗುರುತಾಗುವಷ್ಟರಲ್ಲಿ ಬೆಂಗಳೂರಿನಿಂದ ಆದೇಶ ಬಂತು. ಪತಿಪತ್ನಿಯರು ಒಂದೆಡೆ ಇರುವುದು ಅತ್ಯಗತ್ಯವಾದ ಕಾರಣ ನನ್ನನ್ನು ಹೊಸದುರ್ಗಕ್ಕೆ ವರ್ಗ ಮಾಡಲಾಗಿತ್ತು. ಸಾಹೇಬರು ಹೌಹಾರಿ, ಇದನ್ನು ರದ್ದು ಮಾಡಿ ಎಂದು ಬರೆದರು. ತಮ್ಮ ಕಚೇರಿಯೇ ಬೇರೆ ರೀತಿ ಕೋರಿದರೂ ಪರಿಗಣಿಸಕೂಡದೆಂದು ತಾವೇ ತಿಳಿಸಿದ್ದೀರಿ ಎಂದು ಉತ್ತರ ಬಂತು. ಅದನ್ನು ಓದಿದ ಗಿರಿಜೆ ಮೊದಲು ಅಳಬೇಕೆಂದೇ ಕೂತಳು, ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಅಷ್ಟು ಚೆಂದಾಗಿ ಬರ್ಯಾಕೆ ನಿಮಗ್ಯಾರು ಹೇಳಿದ್ರು ರೀ?" ಎಂದಳು.

ಹೊಸದುರ್ಗದ ಉಪಕಚೇರಿಯ ಮೆಟ್ಟಿಲು ಹತ್ತುವಾಗಲೇ ಅಲ್ಲಿನ ಸಾಹೇಬರು ಎದ್ದು ಬಂದು ಕೈ ಕುಲುಕಿದರು. "ಬರ್ರಿ ಬರ್ರಿ, ಕುಂತ್ಕಳ್ರಿ. ನಿಮ್ಮ ಮೆನು ಸುದ್ದಿ ಇಲ್ಲಿಗೂ ಬಂದೈತೆ. ಸಂಜೆ ಐ.ಬಿ. ಬಂಗ್ಲೆಗೆ ನಾಲ್ಕು ಜನ ಬರ್ತಾರೆ, ಬ್ರಾಂದಿ ನಾನು ತರ್ತೀನಿ, ಹುರುಳಿಕಟ್ಟು ನೀವು ಮಾಡ್ರಿ" ಎಂದರು. ಹುರುಳಿಯನ್ನು ಬೇಯಿಸುವ ಮುಂಚೆ ಹುರಿಯಬೇಕೋ ಬೇಡವೋ ಎಂಬುದೂ ಗೊತ್ತಿಲ್ಲದ ನಾನು ಹೊಸ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಆದಷ್ಟು ಗಂಭೀರವಾಗಿ ಹೇಳಿದೆ: "ಶನಿವಾರ ಹೋಗಿ ಬಂದ ಮೇಲೆ ನೋಡೋಣ ಸಾರ್. ಕಟ್ಟು ಸೋಮವಾರದ ಬಸ್ಸಿಗೆ ಬರುತ್ತೆ."