ತಿಮ್ನಾ ಊರು ಮತ್ತು ನಮ್ಮೂರ ಕರಿಕಲ್ಲು

ಶ್ರಾವಣಿ, ಚಿನ್ಮಯ, ನಿಮ್ಮ ಅಜ್ಜಿ ಹೆಚ್ಚು ಮಾತಿನವಳಲ್ಲ ಎಂದು ನಿಮಗೆ ಗೊತ್ತೇ ಇದೆ. ಈ ಪರದೇಶದ ಕಾಪೆಲ್ ಊರಿಗೆ ಬಂದು ಆರು ವರ್ಷವಾದರೂ ಬಾಗಿಲಲ್ಲಿ ಗಂಟೆ ಸದ್ದಾದರೆ ಅಡುಗೆಮನೆಗೆ ಸರಿದು, ಇಲ್ಲದ ಒಗ್ಗರಣೆಗೆ ಸಾಸಿವೆ ಹುಡುಕುವವಳು ನಾನು. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಮಾಸ್ತರರು ಗೋಡೆಯ ನಕಾಶೆಯ ಮುಂದೆ ನಿಲ್ಲಿಸಿ “ದಿಲ್ಲಿ ಎಲ್ಲೈತಿ ತೋರ್ಸು” ಎಂದಾಗ ಗಾಬರಿಯಲ್ಲಿ ಸಮುದ್ರದ ಮೇಲೆ ಬೆರಳಿಟ್ಟಿದ್ದೆ. ಅಂಥವಳು ಬೈಬಲಿನ ಕಾಲದ ಒಂದು ಗಡಿ ಊರು ಎಲ್ಲಿತ್ತು ಎಂಬ ವಿಚಾರದಲ್ಲಿ ಬಾಯಿ ಹಾಕಿದೆ. ಬರೆದಿಡದಿದ್ದರೆ ನಾಳೆ ನೀವು ನಂಬುವುದಿಲ್ಲ. ಇನ್ನಷ್ಟು ದಿನ ಹೋದರೆ ನಾನೂ ನಂಬುವುದಿಲ್ಲ.

ಪಕ್ಕದ ಮನೆಯ ಮಾರ್ಗರೆಟ್ ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರು. ಬೇಲಿಯ ಈಚೆ ನಾನು, ಆಚೆ ಅವರು, ನಡುವೆ ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತು. ಅಷ್ಟರಲ್ಲೇ ನಮ್ಮ ಸ್ನೇಹ ಚೆನ್ನಾಗಿ ನಡೆದಿತ್ತು. ಅವರ ಯಜಮಾನರು ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದವರು. ನಮ್ಮ ಹೊಲದ ಖರೀದಿ ಪತ್ರದಲ್ಲಿ ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ ಎಂದು ಚಕಬಂದಿ ಬರೆದಿರುತ್ತದಲ್ಲ, ಬೈಬಲಿನಲ್ಲಿಯೂ ಯೆಹೂದದವರ ನಾಡಿಗೆ ಹಾಗೆ ಗಡಿ ಹೇಳಿದೆಯಂತೆ. ಆ ಗಡಿಯಲ್ಲಿ ಬರುವ ಒಂದು ಊರು ತಿಮ್ನಾ. ಅದು ಎಲ್ಲಿತ್ತು ಎಂದು ಹುಡುಕುವುದರಲ್ಲಿ ಅವರ ಆಯುಷ್ಯ ಕಳೆಯಿತು. ಆ ದೇಶಕ್ಕೆ ಹೋಗಿ ಸುತ್ತಿ, ಒಂದು ಗುಡ್ಡದ ಮೇಲಿನ ಪಾಳು ಜಾಗವನ್ನು ಅಲ್ಲಿಯವರು ಇನ್ನೂ ತಿಬ್ನಾ ಎಂದು ಕರೆಯುವುದನ್ನು ಕೇಳಿ, ಇದೇ ಅದು ಎಂದು ಪುಸ್ತಕಗಟ್ಟಲೆ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮಾರ್ಗರೆಟ್ ಆ ಕಾಗದಗಳನ್ನು ಚರ್ಚಿಗೆ ಕೊಡಲು ಹೋದರು. ಅಲ್ಲಿಗೆ ಆಸ್ಟಿನ್‌ನಿಂದ ಬಂದಿದ್ದ ಓದಿದ ಹುಡುಗನೊಬ್ಬ ಬಹಳ ವಿನಯದಿಂದಲೇ ಹೇಳಿದನಂತೆ: ತಿಮ್ನಾ ಅದಲ್ಲ, ಕೆಲವು ಮೈಲಿ ಆಚೆ ಹೊಲಗಳ ನಡುವೆ ಇರುವ ದಿನ್ನೆ, ಇದು ಎಂದೋ ತೀರ್ಮಾನವಾಗಿದೆ, ಗುಡ್ಡದ ಮೇಲೆ ಆ ಕಾಲದ ಮಡಕೆ ಚೂರುಗಳೇ ಸಿಕ್ಕಿಲ್ಲ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಂದು ಮಧ್ಯಾಹ್ನ ನಾನು ಕಂಡದ್ದು, ಮಾರ್ಗರೆಟ್ ಮೂರು ರಟ್ಟಿನ ಪೆಟ್ಟಿಗೆಗಳನ್ನು ಎಳೆದು ತಂದು ರದ್ದಿ ಕಾಗದ ಎಸೆಯುವ ನೀಲಿ ಡಬ್ಬಿಯ ಪಕ್ಕ ನಿಲ್ಲಿಸುತ್ತಿದ್ದುದನ್ನು. ಶ್ರಾವಣಿ, ನೀನು ಸಹಾಯಕ್ಕೆ ಓಡಿದೆ. ನಿನ್ನ ಹಿಂದೆ ನಾನೂ ಹೋದೆ, ಮನೆಯ ಚಪ್ಪಲಿಯಲ್ಲೇ.

“ಅಜ್ಜಿ, ಆಂಟಿ ಎಲ್ಲಾ ಥ್ರೋ ಮಾಡ್ತಿದಾರೆ.”

“ಯಾಕಂತ ಕೇಳವ್ವಾ.”

“ಅಂಕಲ್ ರಾಂಗ್ ಆಗಿದ್ರಂತೆ. ಹೋಲ್ ಲೈಫ್ ವೇಸ್ಟ್ ಅಂತಿದಾರೆ.”

ಆಗ ನೀನು ಅವರನ್ನು ಕೇಳಿ ಕೇಳಿ ಮೇಲಿನ ಕಥೆಯನ್ನು ನನಗೆ ಹೇಳಿದೆ. ಪೆಟ್ಟಿಗೆಯ ಮೇಲೆಯೇ ಎರಡು ಫೋಟೋ ಇದ್ದವು. ಒಂದರಲ್ಲಿ ಕಲ್ಲುಗುಡ್ಡ, ಇನ್ನೊಂದರಲ್ಲಿ ಹೊಲದ ನಡುವೆ ಬೆನ್ನು ಮಾಡಿ ಮಲಗಿದ ಎಮ್ಮೆಯಂಥ ದಿನ್ನೆ. ದಿನ್ನೆಯ ಮೇಲೆ ಬೆರಳಿಟ್ಟೆ; ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

“ಇದು ಹಾಳೂರು ನೋಡು.”

“ಹಾಳೂರು ಅಂದ್ರೆ ಬ್ಯಾಡ್ ವಿಲೇಜಾ, ಅಜ್ಜಿ?”

“ಅಲ್ಲವ್ವಾ ಹುಚ್ಚಿ, ಮಂದಿ ಬಿಟ್ಟುಹೋದ ಊರು. ಮನಿ ಬಿದ್ದು, ಅದರ ಮ್ಯಾಲೆ ಮನಿ ಕಟ್ಟಿ, ಅದೂ ಬಿದ್ದು ಹಿಂಗ ದಿನ್ನಿ ಆಗತೈತಿ. ಮಾಳಿಗಿ ಮ್ಯಾಲೆ ಹಾಕಾಕ ನಾವು ಇಂಥಾ ದಿನ್ನಿ ಮಣ್ಣು ತರ್ತಿದ್ವಿ. ಬುಟ್ಟಿ ತುಂಬ ಮಡಕಿ ಬೋಕಿ ಚೂರು ಬರ್ತಿದ್ವು.”

ನೀನು ಹೇಳಿದ್ದನ್ನು ಕೇಳಿ ಮಾರ್ಗರೆಟ್ ಮುಖ ಇನ್ನೂ ಸಣ್ಣದಾಯಿತು. ಹಳ್ಳಿಯ ಮುದುಕಿ ಕೂಡ ಅವರ ಗಂಡನ ವಿರುದ್ಧವೇ ಸಾಕ್ಷಿ ಹೇಳಿದಂತಾಯಿತಲ್ಲ! ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಒಳಗೆ ಓಡಿಬಿಡುತ್ತಿದ್ದೆ. ಆದರೆ ಅವರ ಕೈ ಆಗಲೇ ಡಬ್ಬಿಯ ಮುಚ್ಚಳ ಎತ್ತಿತ್ತು.

“ನಿಲ್ಲಂತ ಹೇಳವ್ವಾ,” ಎಂದೆ. “ನಮ್ಮೂರು ಕೃಷ್ಣಾ ಹಿನ್ನೀರಿನಾಗ ಮುಳುಗಿತಲ್ಲ, ಅದನ್ನ ಹೇಳು.”

ಊರಿಗೆ ನೀರು ಬರುತ್ತದೆ ಎಂದಾದಾಗ ನಾವು ಮೊದಲು ಮಾಡಿದ ಕೆಲಸ, ಊರಿಗೆ ಹೊಗುವ ಅಗಸಿ ಬಾಗಿಲಲ್ಲಿದ್ದ ಕರಿಕಲ್ಲನ್ನು ಕಿತ್ತದ್ದು. ಊರಿನ ಕಾವಲಿಗೆ ನೆಟ್ಟ ಕಲ್ಲು ಅದು; ಮದುಮಗಳು ಮೊದಲು ಅದಕ್ಕೆ ನೀರು ಹಾಕಿಯೇ ಊರೊಳಗೆ ಕಾಲಿಡಬೇಕು. ಅದನ್ನು ಟ್ರ್ಯಾಕ್ಟರಿನಲ್ಲಿಟ್ಟು, ಹಿಂದೆ ಡೊಳ್ಳು ಬಾರಿಸುತ್ತ, ಆರು ಮೈಲಿ ದೂರದ ದಿಬ್ಬದ ಮೇಲೆ ನೆಟ್ಟು, ಊರಿನ ಹೆಸರನ್ನೂ ಅಲ್ಲಿಯೇ ಇಟ್ಟೆವು. ದೇವರು, ಕಲ್ಲು, ಹೆಸರು ಎಲ್ಲವೂ ದಿಬ್ಬದ ಮೇಲೆ. ತಲೆತಲಾಂತರದ ಮಡಕೆ ಚೂರುಗಳು ನೀರಿನ ಕೆಳಗೆ. ಮುಂದೆ ಯಾರಾದರೂ ನಮ್ಮೂರು ಎಲ್ಲಿತ್ತು ಎಂದು ಹುಡುಕಿ ಬಂದರೆ ನೇರವಾಗಿ ತಪ್ಪು ಜಾಗಕ್ಕೇ ಹೋಗುತ್ತಾರೆ. ಆದರೆ ಅಲ್ಲಿರುವವರು ನಾವೇ ತಾನೆ?

“ಆ ಹುಡುಗ ಹೇಳಿದ್ದೂ ಖರೇನ ಇರಬೇಕು,” ಎಂದೆ. “ಊರು ಆ ದಿನ್ನಿ. ಆದ್ರ ಹೆಸರು ತಾನಾಗಿ ಗುಡ್ಡ ಹತ್ತೂದಿಲ್ಲ. ಯಾರೋ ಹೊತ್ಕೊಂಡು ಹೋಗಿರಬೇಕು. ನಿಮ್ಮ ಯಜಮಾನ್ರು ಅವರ ಹಿಂದ ಹೋಗ್ಯಾರ. ಮನಿ ಬಿಟ್ಟು ಹೋದೋರನ್ನೂ ಯಾರರೆ ಹುಡುಕಬೇಕಲ್ಲ?”

ನೀನು ಅದನ್ನು ಹೇಗೆ ಇಂಗ್ಲಿಷಿಗೆ ತಂದೆಯೋ ನನಗೆ ತಿಳಿಯದು. ಮಾರ್ಗರೆಟ್ ಡಬ್ಬಿಯ ಮುಚ್ಚಳ ಹಾಕಿ, ಒಂದು ಪೆಟ್ಟಿಗೆಯ ತುದಿ ಹಿಡಿದು ನನ್ನತ್ತ ನೋಡಿದರು. ಇನ್ನೊಂದು ತುದಿ ನಾನು ಹಿಡಿದೆ. ಮೂರನ್ನೂ ಒಳಗೆ ಇಟ್ಟು ಬಂದೆವು.

ಅಂದಿನಿಂದ ಚಿನ್ಮಯ ನನ್ನನ್ನು “ಪ್ರೊಫೆಸರ್ ಅಜ್ಜಿ” ಎಂದು ರೇಗಿಸುತ್ತಾನೆ. ಪ್ರೊಫೆಸರ್ ಮಾಡಿದ ಕೆಲಸವನ್ನೂ ಕೇಳಿ. ಊರು ಬಿಡುವಾಗ ನಿಮ್ಮ ಅಜ್ಜ, “ಒಂದು ಸಾಮಾನರೆ ಇಲ್ಲೇ ಇರಲಿ ಬಿಡ, ಮನೀನ ಬರೇ ಕೈಲೆ ಕಳಿಸಬಾರದು” ಎಂದಿದ್ದರು. ನಾನು ಕೇಳಲಿಲ್ಲ. ಬಾಗಿಲು, ತೊಲೆ, ಒಳಕಲ್ಲು, ಕೊನೆಗೆ ಒಲೆಯ ಮೂರು ಕಲ್ಲನ್ನೂ ಬಿಡದೆ ಗಾಡಿಗೆ ಹೇರಿಸಿದೆ. ಎಂದಾದರೂ ನೀರು ಇಳಿದು ಯಾರಾದರೂ ಅಗೆದರೆ, ಇಲ್ಲಿ ಯಾರೂ ಬಾಳಿರಲಿಲ್ಲ ಎಂದು ತೀರ್ಮಾನವಾಗುವ ಮನೆ ಇಡೀ ಊರಿನಲ್ಲಿ ನಮ್ಮದೊಂದೇ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಅಗಸಿಯಿಂದ ಒಳಗೆ ಬಂದರೆ ಎಡಕ್ಕೆ ಮೂರನೆಯ ಮನೆ, ಮೂಡಲ ಬಾಗಿಲು, ನಿಮ್ಮ ತಾಯಿ ಹುಟ್ಟಿದ್ದು ಅದರ ನಡುಮನೆಯಲ್ಲಿ. ಬೇರೆ ಗುರುತು ಯಾವುದನ್ನೂ ನಾನು ಅಲ್ಲಿ ಉಳಿಸಿಲ್ಲ. ಈ ಹಾಳೆಗಳನ್ನಾದರೂ ಜೋಪಾನವಾಗಿಡಿ, ಮಕ್ಕಳೇ.